ಅಮ್ಮನ ಖಾತೆಯಿಂದ ದುಡ್ಡು ಕಟ್ ಆಗ್ತಾನೇ ಇದೆ, ಊರಿನ ಎಟಿಎಂನಲ್ಲಿ ಕ್ಯಾಶ್ ಇರಲ್ಲ. ಏನು ಮಾಡೋದು?

ಗೃಹಲಕ್ಷ್ಮಿ 2,000 ಬಂದ ಮರುದಿನವೇ ಅಮ್ಮನ ಖಾತೆಯಿಂದ 354 ರೂಪಾಯಿ ಹೋಯ್ತು, ಕೇಳಿದ್ರೆ 'ಸಿಸ್ಟಂ ಕಟ್ ಮಾಡಿದೆ' ಅಂತಾರೆ, ಉಳಿದದ್ದು ತೆಗೆಯೋಣ ಅಂದ್ರೆ ಎಟಿಎಂ ಖಾಲಿ ಅಂತ ಬರೆದಿದ್ದೀರಿ. ನಾನು ಶಿಡ್ಲಘಟ್ಟ ತಾಲ್ಲೂಕಿನವನು. ಮನೇಲಿ ರೇಷ್ಮೆ, ಎರಡು ಹಸು. ಬ್ಯಾಂಕ್ ನೌಕರ ಅಲ್ಲ. ಹೋದ ವರ್ಷ ನಮ್ಮಮ್ಮನ ಪಾಸ್‌ಬುಕ್ ಹಿಡ್ಕೊಂಡು ಅಲೆದಾಡಿ ತಿಳ್ಕೊಂಡಿದ್ದು ಹೇಳ್ತೀನಿ.

ಮೊದಲು ಪಾಸ್‌ಬುಕ್ ಪ್ರಿಂಟ್ ಮಾಡಿಸಿ. ನಮ್ಮ ಶಾಖೆಯಲ್ಲಿ ಪ್ರಿಂಟಿಂಗ್ ಮೆಷಿನ್ ಮೇಲೆ 'ಕೆಟ್ಟಿದೆ' ಅನ್ನೋ ಚೀಟಿ ಅಂಟಿಸಿ ಅದರ ಗೋಂದೇ ಒಣಗಿ ಹೋಗಿತ್ತು, ಮೂರನೇ ಸಲಕ್ಕೆ ಪ್ರಿಂಟ್ ಸಿಕ್ತು. ರಾತ್ರಿ ಊಟ ಆದ್ಮೇಲೆ ಅಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು, ಪೆನ್ಸಿಲ್ ತಗೊಂಡು ಅವರು ತೆಗೆಯದೇ ಇರೋ ಮೊತ್ತಕ್ಕೆಲ್ಲ ಸುತ್ತು ಹಾಕಿದೆ. ಆಗ ಒಂದು ಗುಟ್ಟು ಸಿಕ್ತು. ಬಾಲಕ್ಕೆ ಪೈಸೆ ಇರೋ ಕಡಿತಗಳು ಬಹುತೇಕ ಬ್ಯಾಂಕ್ ಚಾರ್ಜೇ, ಯಾಕಂದ್ರೆ ಚಾರ್ಜಿನ ಮೇಲೆ 18% ಜಿಎಸ್‌ಟಿ ಬೀಳುತ್ತೆ. 17.70 ಅಂದ್ರೆ ಮೂರು ತಿಂಗಳ ಎಸ್ಸೆಮ್ಮೆಸ್ಸಿಗೆ 15 ರೂಪಾಯಿ, ಮೇಲೆ ತೆರಿಗೆ. 27.14 ಅಂದ್ರೆ ಎಟಿಎಂನ ಉಚಿತ ಸಲಗಳು ಮುಗಿದ ಮೇಲೆ ದುಡ್ಡು ತೆಗೆದಿದ್ದಕ್ಕೆ 23, ಮೇಲೆ ತೆರಿಗೆ. ಈ 23 ಅನ್ನೋದು 2025ರ ಮೇ 1ರಿಂದ ರಿಸರ್ವ್ ಬ್ಯಾಂಕ್ ಹಾಕಿರೋ ಮಿತಿ, ಅದಕ್ಕೆ ಮುಂಚೆ 21 ಇತ್ತು. ನಿಮ್ಮ 354ಕ್ಕೆ ಪೈಸೆ ಇಲ್ಲದಿದ್ರೂ ಲೆಕ್ಕ ಅದೇ, 300ರ ಮೇಲೆ 54.

ನಮ್ಮಮ್ಮ ಎಟಿಎಂ ಬಳಸೋ ರೀತಿ ನೋಡಿದ್ರೆ ನಿಮಗೆ ನಗು ಬರುತ್ತೆ. ಮೊದಲು ಬ್ಯಾಲೆನ್ಸ್ ನೋಡ್ತಾರೆ. ಆಮೇಲೆ ದುಡ್ಡು ತೆಗೀತಾರೆ. ಸರಿಯಾಗಿ ಕಟ್ ಆಯ್ತಾ ಅಂತ ಮತ್ತೆ ಬ್ಯಾಲೆನ್ಸ್ ನೋಡ್ತಾರೆ. ಮೂರು ಸಲ ಆಯ್ತು! ನಮ್ಮಂಥ ಊರುಗಳಲ್ಲಿ ಬೇರೆ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ 5 ಸಲ ಫ್ರೀ (ಬೆಂಗಳೂರಲ್ಲಾದ್ರೆ 3), ಬ್ಯಾಲೆನ್ಸ್ ನೋಡಿದ್ದೂ ಅದರಲ್ಲೇ ಸೇರುತ್ತೆ. ಇನ್ನೊಂದು ಸಲ 1,940 ಇದ್ದಾಗ 2,000 ಒತ್ತಿದ್ರು. ದುಡ್ಡು ಬರಲಿಲ್ಲ, 23.60 ದಂಡ ಬಂತು. ಮೆಷಿನ್‌ನಲ್ಲಿ ಕಾಸಿಲ್ಲದೆ ಅಥವಾ ಅದೇ ಕೆಟ್ಟು ವಾಪಸ್ ಬಂದ್ರೆ ಮಾತ್ರ ಅದನ್ನ ಆ ಉಚಿತ ಸಲಗಳ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ, ಅದಕ್ಕೆ ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಇದೆ.

436 ಮತ್ತು 20 ರೂಪಾಯಿ ಕಂಡ್ರೆ ಜಗಳಕ್ಕೆ ಹೋಗಬೇಡಿ. ನಾನು ಹೋಗಿ ಮುಖ ಕೆಂಪಗೆ ಮಾಡ್ಕೊಂಡು ಬಂದೆ. ಅವು ಪ್ರಧಾನಮಂತ್ರಿ ಹೆಸರಿನ ಜೀವವಿಮೆ, ಅಪಘಾತ ವಿಮೆಯ ವರ್ಷದ ಕಂತು, ಮೇ ಕೊನೆಗೆ ಹೋಗುತ್ತೆ. ಸಂಘದ ಮೀಟಿಂಗ್‌ನಲ್ಲಿ ಯಾರೋ ಫಾರಂ ಕೊಟ್ಟಾಗ ಅಮ್ಮನೇ ಸಹಿ ಹಾಕಿದ್ರಂತೆ. 'ಎಲ್ಲಾರೂ ಹಾಕಿದ್ರು, ನಾನೂ ಹಾಕ್ದೆ ಕಣೋ' ಅಂದ್ರು. ಬೇಡವಾದ್ರೆ ಬರೆದುಕೊಟ್ಟು ನಿಲ್ಲಿಸಬಹುದು, ನಾವು ನಿಲ್ಲಿಸಲಿಲ್ಲ.

ನಿಜವಾದ ಗಾಯ ಅಂದ್ರೆ ಮಿನಿಮಮ್ ಬ್ಯಾಲೆನ್ಸ್ ದಂಡ. ಖಾತೇಲಿ ದುಡ್ಡಿಲ್ಲ ಅನ್ನೋ ತಪ್ಪಿಗೆ ದುಡ್ಡು ಕೇಳೋದು ಯಾವ ಸೀಮೆ ನ್ಯಾಯವೋ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಆದ್ರೂ ಅದಕ್ಕೆ ಕಟ್ಟುಪಾಡು ಇದೆ. 2015ರ ಏಪ್ರಿಲ್‌ನಿಂದ, ಬ್ಯಾಲೆನ್ಸ್ ಕಡಿಮೆ ಆಗಿದೆ ಅಂತ ಬ್ಯಾಂಕ್ ಮೊದಲು ತಿಳಿಸಬೇಕು, ತುಂಬೋಕೆ ಒಂದು ತಿಂಗಳು ಟೈಮ್ ಕೊಡಬೇಕು, ದಂಡ ಎಷ್ಟು ಕೊರತೆಯೋ ಅದಕ್ಕೆ ತಕ್ಕಂತೆ ಇರಬೇಕು, ಆ ದಂಡದಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಹೋಗಬಾರದು. ನಮ್ಮಮ್ಮನ ಖಾತೆಗೆ ಜೋಡಿಸಿದ್ದ ನಂಬರು ಎಂದೋ ಕಳೆದುಹೋದ ಸಿಮ್ಮಿನದು. ಮೆಸೇಜೆಲ್ಲಾ ಅದಕ್ಕೇ ಹೋಗಿದ್ವು.

'ಜೀರೋ ಬ್ಯಾಲೆನ್ಸ್ ಮಾಡಿಕೊಡಿ ಮೇಡಂ' ಅಂದೆ. 'ಜನಧನ್ ಈಗಿಲ್ಲ' ಅಂದ್ರು. ಜನಧನ್ ಅಂತ ಕೇಳಿದ್ರೆ ಈ ಉತ್ತರ ಬರುತ್ತೆ, 'ಬೇಸಿಕ್ ಸೇವಿಂಗ್ಸ್ ಬ್ಯಾಂಕ್ ಡೆಪಾಸಿಟ್ ಖಾತೆ' ಅಂತ ಪೂರ್ತಿ ಹೆಸರು ಹೇಳಿ. ಎಲ್ಲಾ ಬ್ಯಾಂಕೂ ಕೊಡಲೇಬೇಕು, ಇರೋ ಖಾತೆಯನ್ನೇ ಬದಲಾಯಿಸಿಕೊಡಬೇಕು. ಮಿನಿಮಮ್ ಇಲ್ಲ, ಕಾರ್ಡಿಗೆ ದುಡ್ಡಿಲ್ಲ, ತಿಂಗಳಿಗೆ ಕನಿಷ್ಠ 4 ಸಲ ತೆಗೆಯೋದು ಉಚಿತ. ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಬಾರದು ಅಷ್ಟೇ. ಕನ್ನಡದಲ್ಲೇ ಅರ್ಜಿ ಬರೆದು, ಕಟ್ ಆದ ದುಡ್ಡು ವಾಪಸ್ ಕೊಡಿ ಅಂತಲೂ ಸೇರಿಸಿ, ಜೆರಾಕ್ಸ್ ಪ್ರತಿ ಮೇಲೆ ಸೀಲ್ ಹಾಕಿಸ್ಕೊಂಡೆ. ಹನ್ನೆರಡನೇ ದಿನ ಎರಡು ತಿಂಗಳ ದಂಡ ವಾಪಸ್ ಬಿತ್ತು. ಹಳೇದು ಆಗಲ್ಲ ಅಂದ್ರು, ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟೋ ಟೈಮು, ನಾನೂ ಬಿಟ್ಟೆ. ನೀವು ಬಿಡಬೇಡಿ. 30 ದಿನ ಕಾದು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಬ್ಯಾಂಕ್ ಮೇಲಿನ ದೂರು ಕೇಳೋ ಅಧಿಕಾರಿ) ದೂರು ಹಾಕಬಹುದು, ಖರ್ಚಿಲ್ಲ, 14448ಕ್ಕೆ ಫೋನ್ ಮಾಡಿದ್ರೆ ದಾರಿ ಹೇಳ್ತಾರೆ.

ಬ್ಯಾಂಕೇ ಬದಲಾಯಿಸೋಣ ಅನ್ನಿಸಿದ್ರೆ, ಸ್ಟೇಟ್ ಬ್ಯಾಂಕ್ 2020ರಲ್ಲೇ ಮಿನಿಮಮ್ ದಂಡ ತೆಗೆದಿದೆ, ಕೆನರಾ 2025ರ ಜೂನ್‌ನಿಂದ ತೆಗೆದಿದೆ. ಆದ್ರೆ ಆತುರ ಬೇಡ. ಆಧಾರ್ ಮೂಲಕ ಬರೋ ಸರ್ಕಾರದ ದುಡ್ಡು, ಕೊನೆಗೆ ಯಾವ ಬ್ಯಾಂಕಿಗೆ ಆಧಾರ್ ಜೋಡಿಸಿದ್ದೀರೋ ಅಲ್ಲಿಗೆ ಹೋಗುತ್ತೆ. ಹೊಸ ಖಾತೆಗೆ ಒಂದು ಕಂತು ಬಂದು ಬಿದ್ದ ಮೇಲೆ ಹಳೇದು ಮುಚ್ಚಿ.

ಇನ್ನು ಕ್ಯಾಶ್. ಇದಕ್ಕೆ ನನ್ನ ಹತ್ರ ಒಳ್ಳೆ ಉತ್ತರ ಇಲ್ಲ. ಎಟಿಎಂಗೆ ಬಾಡಿಗೆ, ಕರೆಂಟು, ದುಡ್ಡು ತುಂಬೋ ವ್ಯಾನು ಎಲ್ಲ ಖರ್ಚು, ಫೋನ್‌ನಲ್ಲಿ ಕಳಿಸೋರು ಜಾಸ್ತಿ ಆದ ಹಾಗೆ ಸಣ್ಣ ಊರಿನ ಮೆಷಿನ್‌ಗೆ ಬರೋರು ಕಡಿಮೆ, ಬ್ಯಾಂಕಿಗೆ ಆಸಕ್ತಿ ಇಲ್ಲ. ತಿಂಗಳಲ್ಲಿ 10 ಗಂಟೆಗಿಂತ ಹೆಚ್ಚು ಖಾಲಿ ಇದ್ರೆ ಆ ಎಟಿಎಂಗೆ 10,000 ದಂಡ ಅಂತ 2021ರ ಅಕ್ಟೋಬರ್‌ನಿಂದ ನಿಯಮ ಇದೆ. ನಮ್ಮೂರಿನದು ಒಂದು ಭಾನುವಾರದಲ್ಲೇ ಆ ಕೋಟಾ ಮುಗಿಸುತ್ತೆ.

ನಮ್ಮ ಭಾವನದು ಟೌನಿನಲ್ಲಿ ರೀಲಿಂಗ್, ಅಂದ್ರೆ ಗೂಡಿನಿಂದ ರೇಷ್ಮೆ ನೂಲು ತೆಗೆಯೋ ಕೆಲಸ, ಆಳುಗಳಿಗೆ ಶನಿವಾರ ಬಟವಾಡೆ. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕ್ ರಜ. ಎಟಿಎಂ ಕೊಟ್ರೂ ಬರೀ ಐನೂರರ ನೋಟು, ನೂರೈವತ್ತು ಕೊಡಬೇಕಾದ ಕಡೆ ಏನು ಕೊಡೋದು? ಅದಕ್ಕೇ ಗುರುವಾರದಿಂದಲೇ ಪರಿಚಯದ ಅಂಗಡಿಗಳಲ್ಲಿ ಚಿಲ್ಲರೆ ಕೂಡಿಹಾಕ್ತಾರೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗಿಂದ ಆ ಅಂಗಡಿಗಳೂ ಕ್ಯಾಶ್ ಬಿಟ್ಟುಕೊಡೋಕೆ ಹಿಂದೆಮುಂದೆ ನೋಡ್ತಾರೆ.

ಹಳ್ಳೀಲಿ ಹೆಬ್ಬೆಟ್ಟು ಒತ್ತಿಸ್ಕೊಂಡು ದುಡ್ಡು ಕೊಡೋ ಬ್ಯಾಂಕ್ ಏಜೆಂಟನ ಅಂಗಡಿ ಇದೆ. ಸಾವಿರಕ್ಕೆ ಇಪ್ಪತ್ತು ಹಿಡ್ಕೋತಾನೆ. ನಿಯಮದ ಪ್ರಕಾರ ಗ್ರಾಹಕರ ಹತ್ರ ಏಜೆಂಟ್ ಒಂದು ಪೈಸೆ ತಗೊಳ್ಳೋ ಹಾಗಿಲ್ಲ. ಆದ್ರೂ ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನೂ ಟೌನಿಗೆ ಹೋಗಿ ಕ್ಯಾಶ್ ತರಬೇಕು. ರಸೀದಿ ಮಾತ್ರ ಕೇಳಿ ತಗೊಳ್ಳಿ, ಮೊತ್ತ ನೋಡದೆ ಬೆರಳು ಇಡಬೇಡಿ.

ಅಮ್ಮ ಈಗ ಕಾರ್ಡ್ ಮುಟ್ಟಲ್ಲ. ಬಸ್ಸು ಫ್ರೀ ಅಲ್ವಾ, ತಿಂಗಳಿಗೊಂದು ಸಲ ಟೌನಿಗೆ ಹೋಗಿ, ಚೀಟಿ ಬರೆಸಿ, ಕೌಂಟರಿನಲ್ಲೇ ತಗೊಂಡು ಬರ್ತಾರೆ. 'ನೂರರ ನೋಟೇ ಕೊಡಪ್ಪಾ' ಅಂತ ಕ್ಯಾಷಿಯರ್ ಹುಡುಗನ ಹತ್ರ ಹಟ ಮಾಡ್ತಾರಂತೆ, ಅವನೂ ಕೊಡ್ತಾನಂತೆ. ನಿಮ್ಮ ಪಾಸ್‌ಬುಕ್‌ನಲ್ಲಿ ಆ 354ರ ಎದುರು ಏನು ಅಕ್ಷರ ಇದೆ ಅಂತ ಕಮೆಂಟಲ್ಲಿ ಹಾಕಿ. ಮಿನಿಮಮ್ ಬ್ಯಾಲೆನ್ಸಿನದೋ ಕಾರ್ಡಿನ ವರ್ಷದ ಚಾರ್ಜೋ ಗೊತ್ತಾದ್ರೆ ಅರ್ಜೀಲಿ ಏನು ಬರೀಬೇಕು ಅಂತ ಹೇಳ್ತೀನಿ.