ಗಾಳಿ ಇದ್ದರೂ ಚೂರು ಮೇಲೆ ಬರುತ್ತಿಲ್ಲ

ಪ್ರಶ್ನೆ: 165 ಮಿ.ಮೀ. ಬಿಟ್ (ಕೊರೆಯುವ ತಲೆ), 76 ಮಿ.ಮೀ. ರಾಡ್, 600 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಕಂಪ್ರೆಸರ್. ಡಿಟಿಎಚ್ ಹ್ಯಾಮರ್‌ನಿಂದ (ರಂಧ್ರದ ತಳದಲ್ಲೇ ಗಾಳಿಯ ಬಲದಿಂದ ಬಿಟ್‌ಗೆ ಹೊಡೆಯುವ ಸುತ್ತಿಗೆ) ಗಟ್ಟಿ ಬಂಡೆ ಕೊರೆಯುತ್ತಿದ್ದೇವೆ. ಆಳ ಹೆಚ್ಚಿದಂತೆ ಬರೀ ನುಣ್ಣನೆ ಹಿಟ್ಟು ಬರುತ್ತಿದೆ, ಕೊರೆತ ನಿಧಾನವಾಗಿದೆ. ಒತ್ತಡ ಏರಿಸಬೇಕೇ?

ಉತ್ತರ: ಬೇಡ, ಮೊದಲು ರಾಡ್ ನೋಡಿ. ಒತ್ತಡ ಹ್ಯಾಮರ್ ಹೊಡೆತಕ್ಕೆ. ಕಲ್ಲಿನ ಚೂರನ್ನು ಮೇಲೆತ್ತುವುದು ರಾಡ್‌ಗೂ ರಂಧ್ರದ ಗೋಡೆಗೂ ನಡುವಿನ ಸಂದಿಯಲ್ಲಿ ಏರುವ ಗಾಳಿಯ ವೇಗ. ಗಟ್ಟಿ ಬಂಡೆಯಲ್ಲಿ ಅದು ಸೆಕೆಂಡಿಗೆ 20ರಿಂದ 25 ಮೀಟರ್ ಇದ್ದರೆ ಒಳ್ಳೆಯದು. 600 ಸಿಎಫ್‌ಎಂ ಎಂದರೆ ನಿಮಿಷಕ್ಕೆ ಸುಮಾರು 17 ಘನ ಮೀಟರ್. ನಿಮ್ಮ ಸಂದಿ ಅಗಲವಾಗಿರುವುದರಿಂದ ವೇಗ 17 ಮೀಟರ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದೇ ಕಂಪ್ರೆಸರ್‌ಗೆ 114 ಮಿ.ಮೀ. ರಾಡ್ ಹಾಕಿದರೆ 25 ಮೀಟರ್ ಸಿಗುತ್ತದೆ.

ತೊಂದರೆ ಶುರುವಾಗುವುದು ಹ್ಯಾಮರ್‌ನ ಮೇಲ್ತುದಿಯಲ್ಲಿ. ದಪ್ಪನೆಯ ಹ್ಯಾಮರ್ ಪಕ್ಕದಲ್ಲಿ ಗಾಳಿ ರಭಸದಿಂದ ಏರುತ್ತದೆ. ಅದನ್ನು ದಾಟಿ ತೆಳುವಾದ ರಾಡ್ ಬಂದೊಡನೆ ವೇಗ ಕುಸಿಯುತ್ತದೆ. ದೊಡ್ಡ ಚೂರುಗಳು ಅಲ್ಲೇ ಹ್ಯಾಮರ್ ಭುಜದ ಮೇಲೆ ಕೂರುತ್ತವೆ, ಕೆಲವು ಮತ್ತೆ ಕೆಳಗೆ ಬಿದ್ದು ಬಿಟ್ ಅಡಿಯಲ್ಲಿ ಅರೆಯಲ್ಪಡುತ್ತವೆ. ನಿಮಗೆ ಕಾಣುವ ಹಿಟ್ಟು ಅದೇ. ಮೇಲಕ್ಕೆಳೆಯುವಾಗ ಹ್ಯಾಮರ್ ಸಿಕ್ಕಿಕೊಳ್ಳುವುದೂ ಇದರಿಂದಲೇ.

ರಾಡ್ ಬದಲಾಗುವವರೆಗೆ ಫೀಡ್ (ಬಿಟ್ ಅನ್ನು ಕೆಳಗೆ ಒತ್ತುವ ಬಲ) ಇಳಿಸಿ. ಆಗಾಗ ಬಿಟ್ ಅನ್ನು ತಳದಿಂದ ತುಸು ಎತ್ತಿ: ಹೊಡೆತ ನಿಂತು ಪೂರ್ತಿ ಗಾಳಿ ಊದುತ್ತದೆ. ರಂಧ್ರದ ಬಾಯಲ್ಲಿ ಚೂರು ಬರುವುದು ನಿಂತ ಮೇಲೆಯೇ ಗಾಳಿ ಮುಚ್ಚಿ ರಾಡ್ ಸೇರಿಸಿ. ಕಂಪ್ರೆಸರ್ ಪದೇ ಪದೇ ಅನ್‌ಲೋಡ್ ಆಗುತ್ತಿದ್ದರೆ (ಗಾಳಿ ಕೊಡುವುದನ್ನು ತಾನಾಗಿ ತಗ್ಗಿಸುತ್ತಿದ್ದರೆ) ಹ್ಯಾಮರ್ ಅಷ್ಟು ಗಾಳಿ ಕುಡಿಯುತ್ತಿಲ್ಲ ಎಂದರ್ಥ. ನಿಮ್ಮ ಹ್ಯಾಮರ್‌ನಲ್ಲಿ ಚೋಕ್ (ಹಾಯುವ ಗಾಳಿಯ ಪ್ರಮಾಣ ನಿರ್ಧರಿಸುವ ತೂತಿನ ಬಿಡಿಭಾಗ) ಇದ್ದರೆ ದೊಡ್ಡ ತೂತಿನದನ್ನು ಹಾಕಿ.

ಪ್ರಶ್ನೆ: ಬಂಡೆಯಲ್ಲಿ ಸ್ವಲ್ಪ ತೇವ ಸಿಕ್ಕೊಡನೆ ಧೂಳು ನಿಂತು ಗಾಳಿ ಒತ್ತಡದ ಗೇಜ್ ಏರತೊಡಗಿತು. ಏನಾಗಿದೆ?

ಉತ್ತರ: ತೇವದ ಪುಡಿ ಗೋಡೆಗೆ ಅಂಟಿ ಕೆಸರಿನ ಉಂಗುರ ಕಟ್ಟುತ್ತಿದೆ. ತಕ್ಷಣ ಫೀಡ್ ನಿಲ್ಲಿಸಿ, ಗಾಳಿ ಮತ್ತು ತಿರುಗಾಟ ಬಿಡದೆ ರಾಡನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ನೀರು ಇಂಜೆಕ್ಷನ್ (ಗಾಳಿಯ ಜೊತೆ ಒಳಗೆ ಬಿಡುವ ನೀರು) ಹೆಚ್ಚಿಸಿ. ಅರೆತೇವವೇ ಅಂಟುವುದು, ಪೂರ್ತಿ ಒದ್ದೆಯಾದರೆ ಹರಿದು ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಫೋಮ್ ಬೆರೆಸಿ. ನೊರೆ ಕಡಿಮೆ ವೇಗದಲ್ಲೂ ಚೂರನ್ನು ಹಿಡಿದು ತರುತ್ತದೆ. ಊಟೆ ಜೋರಾಗಿ ನೀರು ನಿಂತರೆ ಪ್ರತಿ 10 ಮೀಟರ್ ನೀರಿಗೆ 1 ಬಾರ್ ಒತ್ತಡ ಅದನ್ನು ಎತ್ತಲೇ ಖರ್ಚು. ಹ್ಯಾಮರ್‌ನ ಚೆಕ್ ವಾಲ್ವ್ (ಹಿಂದಕ್ಕೆ ನುಗ್ಗುವುದನ್ನು ತಡೆಯುವ ಕವಾಟ) ಸೋರುತ್ತಿದ್ದರೆ ರಾಡ್ ಸೇರಿಸುವಾಗ ಕೆಸರು ಒಳನುಗ್ಗಿ ಪಿಸ್ಟನ್ ಹಿಡಿಯುತ್ತದೆ. ಹ್ಯಾಮರ್ ಹೊರತೆಗೆದಾಗಲೆಲ್ಲ ಆ ವಾಲ್ವ್ ಪರೀಕ್ಷಿಸಿ.