ಟೆನಿಸ್‌ನ ಏಸ್, ಯುದ್ಧವಿಮಾನದ ಏಸ್

ಟೆನಿಸ್ ಕಾಮೆಂಟರಿಯಲ್ಲಿ ಕೇಳುವ ‘ಏಸ್’, ಮಹಾಯುದ್ಧದ ಪೈಲಟ್‌ಗಳಿಗೆ ಹೇಳುವ ‘ಏಸ್’, ಎರಡೂ ಒಂದೇನಾ ಎಂದು ಕೇಳಿದ್ದೀರಿ. ಅರ್ಥ ಬೇರೆ, ಬೇರು ಮಾತ್ರ ಒಂದೇ: ಇಸ್ಪೀಟಿನ ಎಕ್ಕ. ನಮ್ಮನೆಯಲ್ಲಿ ಆಡುವಾಗ ಎಕ್ಕ ಯಾರ ಕೈಗೆ ಬಂತು ಎಂದು ಮುಖ ನೋಡಿಯೇ ಹೇಳಬಹುದಿತ್ತು. ರಾಜನನ್ನೂ ಹೊಡೆಯುವ ಎಲೆ ಅಲ್ವಾ!

ಟೆನಿಸ್‌ನಲ್ಲಿ ಏಸ್ ಅಂದರೆ ಒಂದು ಹೊಡೆತ. ಸರ್ವ್ ಮಾಡಿದ, ಅಂದರೆ ಆಟ ಶುರು ಮಾಡಲು ಹೊಡೆದ ಚೆಂಡು ಎದುರಾಳಿಯ ಕಡೆ ಗೆರೆ ಎಳೆದ ಚೌಕದೊಳಗೆ ಬಿದ್ದು, ಎದುರಾಳಿಯ ರಾಕೆಟ್‌ಗೆ ತಾಗದೆ ಹೋಗಬೇಕು. ತುದಿ ತಾಗಿದರೂ ಪಾಯಿಂಟ್ ಸಿಗಬಹುದು, ಏಸ್ ಆಗುವುದಿಲ್ಲ. 2010ರ ವಿಂಬಲ್ಡನ್‌ನಲ್ಲಿ ಮೂರು ದಿನ ಎಳೆದ ಒಂದೇ ಪಂದ್ಯದಲ್ಲಿ ಜಾನ್ ಇಸ್ನರ್ 113 ಏಸ್ ಹೊಡೆದರು. ಮುಂದಿನ ಪಂದ್ಯಕ್ಕೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು.

ಯುದ್ಧದಲ್ಲಿ ಏಸ್ ಅನ್ನುವುದು ಹೊಡೆತಕ್ಕಲ್ಲ, ಮನುಷ್ಯನಿಗೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಪತ್ರಿಕೆಗಳು ಅಡಾಲ್ಫ್ ಪೆಗು ಎಂಬ ಪೈಲಟ್‌ನನ್ನು ಹೀಗೆ ಕರೆದವು. ಆಮೇಲೆ ಐದು ಶತ್ರು ವಿಮಾನ ಉರುಳಿಸಿದವನು ಏಸ್ ಎಂಬ ಲೆಕ್ಕ ನಿಂತಿತು. ಪೆಗು 1915ರಲ್ಲಿ ಆಕಾಶದಲ್ಲೇ ಗುಂಡಿಗೆ ಬಲಿಯಾದ.

ಇನ್ನು ಪತ್ರಿಕೆಯಲ್ಲಿ ‘ಏಸ್ ಸ್ಪಿನ್ನರ್’ ಎಂದು ಬರುತ್ತದಲ್ಲ, ಅದಕ್ಕೆ ಯಾವ ಲೆಕ್ಕವೂ ಇಲ್ಲ. ಸುಮ್ನೆ ‘ತುಂಬಾ ಒಳ್ಳೆಯ’ ಎಂದಷ್ಟೇ.

ಈ ಪದ ಕೇಳಿದಾಗ ನನಗೆ ಮೊದಲು ನೆನಪಾಗುವುದು ಇಂದ್ರಲಾಲ್ ರಾಯ್. 1898ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವರು, ಬ್ರಿಟಿಷ್ ವಾಯುಪಡೆಯಲ್ಲಿದ್ದರು. ಕಣ್ಣು ಸರಿಯಿಲ್ಲ ಎಂದು ಮೊದಲು ಅವರನ್ನು ತೆಗೆದುಕೊಂಡಿರಲಿಲ್ಲ. ಸೇರಿದ ಮೇಲೂ ಒಮ್ಮೆ ವಿಮಾನ ಬಿದ್ದು ಜೋರಾಗಿ ಪೆಟ್ಟಾಯಿತು. ಚೇತರಿಸಿಕೊಂಡು ಮತ್ತೆ ಹಾರಿದರು. 1918ರ ಜುಲೈನಲ್ಲಿ ಎರಡು ವಾರದೊಳಗೆ ಅವರ ಲೆಕ್ಕಕ್ಕೆ 10 ಗೆಲುವು ಸೇರಿದವು. ಭಾರತದ ಮೊದಲ ಏಸ್ ಅವರೇ. ನಮ್ಮ ಶಾಲೆಯ ಪಾಠದಲ್ಲಿ ಅವರ ಹೆಸರು ನಾನು ಕಂಡಿರಲಿಲ್ಲ, ಆ ಬೇಜಾರು ಈಗಲೂ ಇದೆ.

ಜುಲೈ 22ರಂದು ಫ್ರಾನ್ಸಿನ ಮೇಲೆ ಜರ್ಮನ್ ವಿಮಾನಗಳ ಜೊತೆ ಕಾದಾಡುವಾಗ ಅವರ ವಿಮಾನ ಉರಿದು ಬಿತ್ತು. ಆಗ ಅವರಿಗೆ 19 ವರ್ಷ. ಹಾರಾಟದ ಶೌರ್ಯಕ್ಕೆ ಬ್ರಿಟನ್ ಕೊಡುವ ಡಿ.ಎಫ್.ಸಿ. (ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್) ಪದಕ ಬಂದಿದ್ದು ಅವರು ಹೋದ ಮೇಲೆ. ಸಮಾಧಿ ಅಲ್ಲೇ, ಫ್ರಾನ್ಸಿನ ಎಸ್ಟೆವೆಲ್ ಎಂಬ ಊರಿನಲ್ಲಿದೆ.