ಪಾದ, ಕಾಲಗಂಟಿನ ಎಕ್ಸ್‌ರೇ ನೋಡಿ ಫ್ರ್ಯಾಕ್ಚರ್ ವಿವರಿಸುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಹೌಸ್ ಸರ್ಜನ್ ಆಗಿ ಆರ್ಥೋ ಡ್ಯೂಟಿ ಶುರುವಾಗಿದೆ. ಪಾದದ ಎಕ್ಸ್‌ರೇ ಕೈಗೆ ಬಂದರೆ ಎಲ್ಲಿಂದ ನೋಡಬೇಕು ಅನ್ನೋದೇ ತಿಳಿಯುವುದಿಲ್ಲ. ರಾತ್ರಿ ಸೀನಿಯರ್‌ಗೆ ಫೋನ್ ಮಾಡಿ ಹೇಳುವಾಗ ಮಾತು ತಡವರಿಸುತ್ತದೆ. ಕಾಲಗಂಟಿನ ಮುರಿತವನ್ನು ವಿಂಗಡಿಸುವ ವೆಬರ್ ಎ, ಬಿ, ಸಿ ಬಾಯಿಪಾಠ ಮಾಡಿಕೊಂಡರೆ ಸಾಕಾ?

ಸಾಕಾಗಲ್ಲ. ನಾನು ಮಲೆನಾಡಿನ ಕಡೆ ಮೂಳೆ ವೈದ್ಯ. ಹೌಸ್ ಸರ್ಜನ್‌ಗಳ ಇಂಥ ಫೋನ್ ನನಗೂ ಬರುತ್ತಿರುತ್ತದೆ. 'ಸರ್, ವೆಬರ್ ಬಿ' ಅಂದರೆ ನನಗೆ ಅರ್ಧ ವಿಷಯವೂ ಗೊತ್ತಾಗಿರುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿ. ಫೋನಿನ ಆ ಕಡೆ ಇರುವವರು ನಿಮ್ಮ ಮಾತು ಕೇಳುತ್ತಾ ಕಾಗದದ ಮೇಲೆ ಆ ಮೂಳೆಯ ಚಿತ್ರ ಬರೆಯುವಂತಿರಬೇಕು. ಹೆಸರು ಆಮೇಲೆ.

ಇನ್ನೊಂದು ವಿಷಯ. ಎಕ್ಸ್‌ರೇ ನೋಡುವುದಕ್ಕೆ ಮೊದಲು ಕಾಲು ಮುಟ್ಟಿ. ಒಂದು ಪಾದದಲ್ಲಿ 26 ಮೂಳೆ ಇವೆ, ಫಿಲ್ಮಿನಲ್ಲಿ ಒಂದರ ಮೇಲೊಂದು ಬಿದ್ದು ಕಾಣುತ್ತವೆ. ಎಲ್ಲಿ ನೋವು ಅಂತ ಗೊತ್ತಿಲ್ಲದೆ ನೋಡಿದರೆ ಎಲ್ಲ ಗೆರೆಯೂ ಮುರಿತದ ಹಾಗೇ ಕಾಣುತ್ತದೆ. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ಇಯಾನ್ ಸ್ಟೀಲ್ ಮತ್ತು ಅವರ ತಂಡ ಇದಕ್ಕೊಂದು ನಿಯಮ ಮಾಡಿಕೊಟ್ಟಿತು. ಎರಡೂ ಮ್ಯಾಲಿಯೋಲಸ್‌ಗಳ (ಕಾಲಗಂಟಿನ ಒಳ, ಹೊರ ಬದಿಯಲ್ಲಿ ಉಬ್ಬಿರುವ ಮೂಳೆ) ತುದಿಯನ್ನೂ, ಅಲ್ಲಿಂದ ಮೇಲಕ್ಕೆ 6 ಸೆಂಟಿಮೀಟರ್‌ವರೆಗೆ ಹಿಂಭಾಗದ ಅಂಚನ್ನೂ ಒತ್ತಿ ನೋಡಿ. ಐದನೇ ಮೆಟಟಾರ್ಸಲ್‌ನ (ಕಿರುಬೆರಳಿನ ಹಿಂದಿನ ಉದ್ದ ಮೂಳೆ) ಬುಡ ಒತ್ತಿ. ಪಾದದ ಒಳಬದಿಯ ನಡುವಿನ ನ್ಯಾವಿಕ್ಯುಲರ್ ಮೂಳೆ ಒತ್ತಿ. ಪೆಟ್ಟಾದ ಕೂಡಲೇ ಮತ್ತು ಈಗ ನಿಮ್ಮೆದುರು ನಾಲ್ಕು ಹೆಜ್ಜೆ ಇಡಲು ಆಗುತ್ತದಾ ಕೇಳಿ. ಎಲ್ಲೂ ನೋವಿಲ್ಲ, ನಡೆಯುತ್ತಾರೆ ಅಂದರೆ ಮುರಿತ ಇರುವ ಸಾಧ್ಯತೆ ತುಂಬಾ ಕಡಿಮೆ. ಆದರೆ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ ಈ ನಿಯಮ ನಂಬಬೇಡಿ. ಮೂಳೆ ಮುರಿದಿದ್ದರೂ ಅವರು ಆರಾಮಾಗಿ ನಡೆದು ಬರುತ್ತಾರೆ. ಕುಡಿದು ಬಂದವರಿಗೂ ಅಷ್ಟೆ.

ಇನ್ನು ಫಿಲ್ಮ್. ಕಾಲಗಂಟಿಗೆ ಮೂರು ವ್ಯೂ ಬೇಕು: ಎದುರಿನಿಂದ, ಪಕ್ಕದಿಂದ, ಮತ್ತು ಕಾಲನ್ನು 15ರಿಂದ 20 ಡಿಗ್ರಿ ಒಳಗೆ ತಿರುಗಿಸಿ ತೆಗೆಯುವ ಮಾರ್ಟಿಸ್ ವ್ಯೂ. ಈ ಮೂರನೆಯದನ್ನು ಬಿಡಲೇಬೇಡಿ. ಟೇಲಸ್ (ಕಾಲಗಂಟಿನ ಕೀಲಿನಲ್ಲಿ ಕೆಳಗಿರುವ ಮೂಳೆ) ಸುತ್ತ ಇರುವ ಸಂದು ಎಲ್ಲ ಕಡೆ ಒಂದೇ ಸಮ ಇದೆಯಾ ಅಂತ ಸರಿಯಾಗಿ ಕಾಣುವುದು ಇದರಲ್ಲಿಯೇ. ಒಳಬದಿಯ ಸಂದು 4 ಮಿಲಿಮೀಟರ್‌ಗಿಂತ ಜಾಸ್ತಿ ಇದ್ದರೆ ಅನುಮಾನ ಪಡಿ. ಕೀಲಿನಿಂದ 1 ಸೆಂಟಿಮೀಟರ್ ಮೇಲೆ ಟಿಬಿಯಾಕ್ಕೂ (ಮಂಡಿಯ ಕೆಳಗಿನ ದಪ್ಪ ಮೂಳೆ) ಫಿಬುಲಾಕ್ಕೂ (ಅದರ ಹೊರಬದಿಯ ತೆಳು ಮೂಳೆ) ನಡುವಿನ ಜಾಗ 6 ಮಿಲಿಮೀಟರ್ ದಾಟಿದ್ದರೂ ಹಾಗೆಯೇ. ನಿಮ್ಮ ವೆಬರ್ ಇಲ್ಲಿ ಬರುತ್ತದೆ. ಫಿಬುಲಾ ಮುರಿದದ್ದು ಸಿಂಡೆಸ್ಮೋಸಿಸ್‌ಗಿಂತ (ಆ ಎರಡು ಮೂಳೆಗಳನ್ನು ಕೀಲಿನ ಸ್ವಲ್ಪ ಮೇಲೆ ಬಿಗಿದಿರುವ ಕಟ್ಟು) ಕೆಳಗಾ (ಎ), ಅದರ ಮಟ್ಟದಲ್ಲಾ (ಬಿ), ಮೇಲೆಯಾ (ಸಿ) ಅನ್ನೋದಷ್ಟೇ ವೆಬರ್. ಒಳಬದಿ ಗಟ್ಟಿ ಇದೆಯಾ ಅಂತ ಅದು ಹೇಳುವುದಿಲ್ಲ. 'ಬಿ'ಯಲ್ಲಿ ಆಪರೇಷನ್ ಬೇಕಾ ಬೇಡವಾ ನಿಲ್ಲುವುದೇ ಅದರ ಮೇಲೆ. ಒಳಬದಿ ಸಂದು ಅಗಲವಾಗಿದ್ದು ಕಾಲಗಂಟಿನಲ್ಲಿ ಫಿಬುಲಾ ಸರಿಯಾಗಿ ಕಂಡರೆ, ಮಂಡಿಯ ಕೆಳಗೆ ಹೊರಬದಿಯಲ್ಲಿ ಒತ್ತಿ ನೋಡಿ. ಮುರಿತ ಅಷ್ಟು ಮೇಲೆ ಇರಬಹುದು. ಅದೇ ಮೇಸೊನ್ಯೂವ್ ಫ್ರ್ಯಾಕ್ಚರ್, ಸಣ್ಣ ಫಿಲ್ಮಿನಲ್ಲಿ ಅದು ಬರುವುದೇ ಇಲ್ಲ.

ಈಗ ಐದನೇ ಮೆಟಟಾರ್ಸಲ್‌ನ ಬುಡಕ್ಕೆ ಬರೋಣ. ಕಿರುಬೆರಳಿನ ಕಡೆ, ಪಾದದ ಹೊರ ಅಂಚಿನ ನಡುವೆ ಕೈಗೆ ಸಿಗುವ ಗಂಟು ಅದು. ಕಾಲು ಉಳುಕಿತು ಅಂತ ಬರುವವರಲ್ಲಿ ಇಲ್ಲಿ ಮುರಿದಿರುವುದು ಜಾಸ್ತಿ. ಕಾಲಗಂಟಿನ ಪಕ್ಕದ ವ್ಯೂ ತೆಗೆಸುವಾಗ ಈ ಗಂಟೂ ಫಿಲ್ಮಿನೊಳಗೆ ಬರಲಿ ಅಂತ ಟೆಕ್ನಿಷಿಯನ್‌ಗೆ ಹೇಳಿ. ಕೆಲವೇ ಸೆಂಟಿಮೀಟರ್ ಜಾಗದಲ್ಲಿ ಇಲ್ಲಿ ನೋಡಲು ಒಂದೇ ಥರ ಇರುವ ಗೆರೆಗಳು ಬರುತ್ತವೆ. ಒಂದೊಂದರ ಚಿಕಿತ್ಸೆಯೂ ಬೇರೆ.

ಗಂಟಿನ ತುದಿಯಲ್ಲೇ ಮೂಳೆಗೆ ಅಡ್ಡವಾಗಿ ಗೆರೆ ಇದ್ದರೆ ಅದು ಅವಲ್ಷನ್, ಅಂದರೆ ಎಳೆತಕ್ಕೆ ಕಿತ್ತುಬಂದ ಮುರಿತ. ಪಾದ ಒಳಗೆ ಮಗುಚಿದಾಗ ಅಲ್ಲಿ ಅಂಟಿಕೊಂಡ ಪೆರೋನಿಯಸ್ ಬ್ರೆವಿಸ್ ಸ್ನಾಯು ಮತ್ತು ಅಂಗಾಲಿನ ಪಟ್ಟಿ ಚೂರನ್ನು ಕಿತ್ತುಕೊಂಡಿರುತ್ತವೆ. ಸಾಮಾನ್ಯವಾಗಿ ಗಟ್ಟಿ ತಳದ ಬೂಟು ಹಾಕಿಕೊಂಡು ನಡೆಯುತ್ತಲೇ ಕೂಡುತ್ತದೆ. ಗೆರೆ ಸ್ವಲ್ಪ ಮುಂದೆ, ಬುಡದಿಂದ ಸುಮಾರು ಒಂದೂವರೆ ಸೆಂಟಿಮೀಟರ್ ಆಚೆ ಇದ್ದು, ನಾಲ್ಕನೇ ಮತ್ತು ಐದನೇ ಮೆಟಟಾರ್ಸಲ್ ಒಂದನ್ನೊಂದು ಮುಟ್ಟುವ ಕೀಲಿನ ಕಡೆ ಹೋಗುತ್ತಿದ್ದರೆ ಅದು ಜೋನ್ಸ್ ಫ್ರ್ಯಾಕ್ಚರ್. ಬ್ರಿಟನ್ನಿನ ಸರ್ಜನ್ ರಾಬರ್ಟ್ ಜೋನ್ಸ್ ಕುಣಿಯುತ್ತಿದ್ದಾಗ ಅವರ ಕಾಲೇ ಹೀಗೆ ಮುರಿಯಿತು. ತಮ್ಮದನ್ನೂ ಸೇರಿಸಿ ಇಂಥ ಕೇಸುಗಳನ್ನು 1902ರಲ್ಲಿ ಬರೆದರು. ಆ ಜಾಗಕ್ಕೆ ರಕ್ತ ಬರುವುದು ಕಡಿಮೆ, ಹಾಗಾಗಿ ಕೂಡುವುದು ನಿಧಾನ, ಕೆಲವೊಮ್ಮೆ ಕೂಡುವುದೇ ಇಲ್ಲ. ಇವರನ್ನು ಕಾಲೂರಿ ನಡೆಯಲು ಸುಮ್ನೆ ಬಿಟ್ಟರೆ ತೊಂದರೆ. ಆಟಗಾರರಿಗಾದರೆ ಸ್ಕ್ರೂ ಹಾಕುವುದೇ ಹೆಚ್ಚು. ಇನ್ನೂ ಮುಂದೆ, ಮೂಳೆಯ ದಂಡಿನಲ್ಲಿ ಗೆರೆ ಇದ್ದು ಅಂಚುಗಳು ದಪ್ಪಗಾಗಿದ್ದರೆ, ಮಜ್ಜೆಯ ಕಾಲುವೆ ಬೆಳ್ಳಗಾಗಿದ್ದರೆ ಅದು ಹಳೇ ಸ್ಟ್ರೆಸ್ ಫ್ರ್ಯಾಕ್ಚರ್, ಮತ್ತೆ ಮತ್ತೆ ಭಾರ ಬಿದ್ದು ಬಂದ ಬಿರುಕು. ಕೇಳಿ ನೋಡಿ, ವಾರಗಟ್ಟಲೆ ಮೊದಲೇ ನೋವಿತ್ತು ಅನ್ನುತ್ತಾರೆ.

ಸುಮಾರು 9ರಿಂದ 14ರ ವಯಸ್ಸಿನ ಮಕ್ಕಳಲ್ಲಿ ಅದೇ ಗಂಟಿನ ಪಕ್ಕ ಮೂಳೆಯ ಉದ್ದಕ್ಕೇ ಒಂದು ಗೆರೆ ಇರುತ್ತದೆ. ಅದು ಅಪೊಫಿಸಿಸ್, ಅಂದರೆ ಮೂಳೆಯ ಇನ್ನೂ ಬೆಳೆಯುತ್ತಿರುವ ಭಾಗ, ಮುರಿತ ಅಲ್ಲ. ಉದ್ದುದ್ದ ಇದ್ದರೆ ಬೆಳವಣಿಗೆ, ಅಡ್ಡ ಇದ್ದರೆ ಮುರಿತ. ಇದೊಂದು ನೆನಪಿದ್ದರೆ ಎಷ್ಟೋ ಮಕ್ಕಳಿಗೆ ಬೇಡದ ಪ್ಲಾಸ್ಟರ್ ತಪ್ಪುತ್ತದೆ. ಹಾಗೆಯೇ ಪಾದದ ಹೊರಬದಿಯ ಕ್ಯುಬಾಯ್ಡ್ ಮೂಳೆಯ ಪಕ್ಕ ಓಸ್ ಪೆರೋನಿಯಮ್, ಟೇಲಸ್ ಹಿಂದೆ ಓಸ್ ಟ್ರೈಗೋನಮ್ ಅಂತ ಹೆಚ್ಚುವರಿ ಮೂಳೆ ಕೆಲವರಿಗೆ ಸಹಜವಾಗಿಯೇ ಇರುತ್ತವೆ. ಅವುಗಳ ಅಂಚು ದುಂಡಗೆ, ನುಣುಪಾಗಿ, ಸುತ್ತ ಬಿಳಿ ಗೆರೆ ಎಳೆದ ಹಾಗೆ ಇರುತ್ತದೆ. ಹೊಸ ಮುರಿತದ ಅಂಚು ಒರಟು. ಅನುಮಾನ ಇದ್ದರೆ ಮತ್ತೆ ಬೆರಳಿಟ್ಟು ಒತ್ತಿ.

ಪಾದದ ನಡುಭಾಗವನ್ನು ಮಾತ್ರ ಅವಸರದಲ್ಲಿ ನೋಡಬೇಡಿ. ಎದುರಿನ ವ್ಯೂನಲ್ಲಿ ಎರಡನೇ ಮೆಟಟಾರ್ಸಲ್‌ನ ಒಳ ಅಂಚು, ಅದರ ಹಿಂದಿನ ನಡು ಕ್ಯೂನಿಫಾರ್ಮ್ ಮೂಳೆಯ ಒಳ ಅಂಚಿಗೆ ನೇರ ಕೂಡಬೇಕು. ಓರೆ ವ್ಯೂನಲ್ಲಿ ನಾಲ್ಕನೆಯದರ ಒಳ ಅಂಚು ಕ್ಯುಬಾಯ್ಡ್‌ನ ಒಳ ಅಂಚಿಗೆ ಕೂಡಬೇಕು. ಒಂದೆರಡು ಮಿಲಿಮೀಟರ್ ತಪ್ಪಿದರೂ, ಅಥವಾ ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಮೂಳೆಯ ಚಿಕ್ಕ ಚೂರು ಕಂಡರೂ, ಅದನ್ನು ಲಿಸ್‌ಫ್ರ್ಯಾಂಕ್ ಗಾಯ (ಮೆಟಟಾರ್ಸಲ್‌ಗಳ ಬುಡದ ಕೀಲು ಸಡಿಲವಾದದ್ದು) ಅಂದುಕೊಂಡೇ ಮುಂದುವರಿಯಿರಿ. ಅಂಗಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ನೀಲಿಯಾಗಿದ್ದರಂತೂ ಫಿಲ್ಮ್ ಚೆನ್ನಾಗಿ ಕಂಡರೂ ಮನೆಗೆ ಕಳಿಸಬೇಡಿ. ಮಲಗಿಸಿ ತೆಗೆದ ಫಿಲ್ಮಿನಲ್ಲಿ ಮೂಳೆಗಳು ತಮ್ಮ ಜಾಗದಲ್ಲೇ ಕಾಣಬಹುದು, ನಿಂತು ಭಾರ ಹಾಕಿದಾಗ ಸರಿಯುತ್ತವೆ. ನಿಲ್ಲಿಸಿ ಎರಡೂ ಪಾದದ ಫಿಲ್ಮ್ ತೆಗೆಸಿ. ನಿಲ್ಲಲು ಆಗದಿದ್ದರೆ ಸಿಟಿ ಸ್ಕ್ಯಾನ್. ಉಳುಕು ಅಂತ ಎಣ್ಣೆ ಹಚ್ಚಿ ನೀವಿಸಿಕೊಂಡು, ತಿಂಗಳುಗಳ ಮೇಲೆ ಪಾದ ಚಪ್ಪಟೆಯಾದ ಮೇಲೆ ಬರುವವರನ್ನು ನೋಡಿದರೆ ಸಂಕಟವಾಗುತ್ತದೆ. ಹೊಲ, ತೋಟದಲ್ಲಿ ದುಡಿಯುವವರಿಗೆ ಆ ಪಾದವೇ ಬದುಕು ಅಲ್ವಾ.

ಹಿಮ್ಮಡಿಯದ್ದು ನಮ್ಮ ಕಡೆ ಅಡಿಕೆ ಮರ, ತೆಂಗಿನ ಮರ, ಮನೆ ಮಾಡಿನಿಂದ ಬಿದ್ದವರ ಗಾಯ. ಪಕ್ಕದ ವ್ಯೂನಲ್ಲಿ ಬೋಲರ್ ಕೋನ (ಹಿಮ್ಮಡಿ ಮೂಳೆಯ ಮೇಲಂಚಿನ ಎತ್ತರದ ಬಿಂದುಗಳನ್ನು ಸೇರಿಸುವ ಎರಡು ಗೆರೆಗಳ ನಡುವಿನ ಕೋನ) ಅಳೆಯಿರಿ. ಸಾಮಾನ್ಯವಾಗಿ 20ರಿಂದ 40 ಡಿಗ್ರಿ ಇರಬೇಕು, ಕಡಿಮೆಯಾದರೆ ಹಿಮ್ಮಡಿ ಮೂಳೆ ಕುಸಿದಿದೆ. ಇನ್ನೊಂದು ಹಿಮ್ಮಡಿ ಮತ್ತು ಸೊಂಟದ ಬೆನ್ನುಮೂಳೆ ಒತ್ತಿ ನೋಡದೆ ಇವರನ್ನು ಬಿಡಬೇಡಿ. ಮುರಿದ ಚೂರು ಹಿಂದಿನ ಚರ್ಮವನ್ನು ಒಳಗಿನಿಂದ ತಳ್ಳಿ ಬಿಳಿಚಿಸಿದ್ದರೆ ಬೆಳಗಿನವರೆಗೆ ಕಾಯಬೇಡಿ, ಆಗಲೇ ಫೋನ್ ಮಾಡಿ.

ಕೆಲವು ಮುರಿತ ಮೊದಲ ದಿನ ಕಾಣುವುದೇ ಇಲ್ಲ. ಓಟದ ಅಭ್ಯಾಸ, ಪರೇಡ್ ಮಾಡುವವರ ಎರಡನೇ, ಮೂರನೇ ಮೆಟಟಾರ್ಸಲ್‌ನಲ್ಲಿ ಇದು ಆಗುತ್ತದೆ. ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ ಸೈನಿಕರ ಈ ಪಾದದ ನೋವನ್ನು 1855ರಲ್ಲೇ ಬರೆದಿದ್ದರು, ಎಕ್ಸ್‌ರೇ ಬಂದದ್ದು 1895ರಲ್ಲಿ. ನೋವು ಒಂದೇ ಜಾಗದಲ್ಲಿ ಗಟ್ಟಿಯಾಗಿದ್ದರೆ ವಿಶ್ರಾಂತಿ ಹೇಳಿ, ಎರಡು ಮೂರು ವಾರ ಬಿಟ್ಟು ಮತ್ತೆ ಫಿಲ್ಮ್ ತೆಗೆಸಿ. ಆಗ ಕ್ಯಾಲಸ್, ಅಂದರೆ ಮುರಿತವನ್ನು ಕೂಡಿಸುವ ಹೊಸ ಮೂಳೆ ಕಾಣುತ್ತದೆ.

ಇಷ್ಟು ನೋಡಿದ ಮೇಲೆ ಫೋನ್. ಯಾವ ಕಾಲು, ಯಾವ ಮೂಳೆ, ಆ ಮೂಳೆಯ ಯಾವ ಭಾಗ. ಗೆರೆ ಅಡ್ಡವಾ, ಓರೆಯಾ, ಸುತ್ತಿಕೊಂಡಿದೆಯಾ, ಪುಡಿಯಾಗಿದೆಯಾ. ಕೀಲಿನೊಳಗೆ ಹೋಗಿದೆಯಾ. ಆಮೇಲೆ ಸರಿದಿರುವುದು. ಯಾವಾಗಲೂ ದೇಹದಿಂದ ದೂರದ ಚೂರು ಎತ್ತ ಹೋಗಿದೆ ಅಂತಲೇ ಹೇಳಬೇಕು, ಎಷ್ಟು ಅನ್ನೋದನ್ನು ಮಿಲಿಮೀಟರ್‌ನಲ್ಲಿ, ಬಾಗಿದ್ದರೆ ಡಿಗ್ರಿಯಲ್ಲಿ. 'ಸ್ವಲ್ಪ ಸರಿದಿದೆ' ಅಂದರೆ ಏನೂ ಹೇಳಿದ ಹಾಗಾಗಲ್ಲ. ಉದಾಹರಣೆಗೆ ಹೀಗೆ:

'ಸರ್, 40 ವರ್ಷದ ಹೆಂಗಸು, ಮೆಟ್ಟಿಲಲ್ಲಿ ಕಾಲು ಮಗುಚಿದೆ, ಬಲಗಾಲು. ಚರ್ಮ ಸರಿಯಿದೆ, ನಾಡಿ ಸಿಗುತ್ತದೆ, ಬೆರಳು ಆಡಿಸುತ್ತಾರೆ. ಫಿಬುಲಾದ ಕೆಳತುದಿಯಲ್ಲಿ, ಸಿಂಡೆಸ್ಮೋಸಿಸ್ ಮಟ್ಟದಲ್ಲಿ ಓರೆ ಮುರಿತ. ಕೆಳಗಿನ ಚೂರು 2 ಮಿಲಿಮೀಟರ್ ಹೊರಗೆ ಸರಿದಿದೆ. ಒಳ ಮ್ಯಾಲಿಯೋಲಸ್ ಮುರಿದಿಲ್ಲ, ಆದರೆ ಅಲ್ಲಿ ಒತ್ತಿದರೆ ನೋವಿದೆ, ಮಾರ್ಟಿಸ್‌ನಲ್ಲಿ ಒಳಬದಿ ಸಂದು 6 ಮಿಲಿಮೀಟರ್. ಹಿಂದಿನ ಮ್ಯಾಲಿಯೋಲಸ್ ಸರಿಯಿದೆ. ಮಂಡಿ ಹತ್ತಿರ ನೋವಿಲ್ಲ.'

ಇದರಲ್ಲಿ ವೆಬರ್ ಅನ್ನೋ ಮಾತೇ ಇಲ್ಲ. ಆದರೂ ಈ ಕಾಲಗಂಟು ಗಟ್ಟಿಯಿಲ್ಲ, ಆಪರೇಷನ್‌ಗೆ ತಯಾರಿ ಮಾಡಬೇಕು ಅಂತ ಕೇಳಿದವರಿಗೆ ಅರ್ಥವಾಗುತ್ತದೆ. ಇಲ್ಲ ಅನ್ನೋದನ್ನೂ ಬಾಯಿಬಿಟ್ಟು ಹೇಳಿದ್ದೀರಿ. ಇಲ್ಲದಿದ್ದರೆ ನೋಡಿದ್ದೀರೋ ಬಿಟ್ಟಿದ್ದೀರೋ ಅವರಿಗೆ ತಿಳಿಯುವುದಿಲ್ಲ.

ಫಿಲ್ಮಿಗೆ ಕಾಯಲೇಬಾರದ ಸಂದರ್ಭವೂ ಒಂದಿದೆ. ಪಾದ ಒಂದು ಕಡೆ ತಿರುಗಿ ನಿಂತಿದೆ, ಚರ್ಮ ಬಿಗಿದು ಬೆಳ್ಳಗಾಗಿದೆ, ಅಥವಾ ನಾಡಿ ಸಿಗುತ್ತಿಲ್ಲ ಅಂದರೆ ಕೀಲು ತಪ್ಪಿದೆ. ಎಕ್ಸ್‌ರೇ ರೂಮಿನ ಮುಂದೆ ಸಾಲಿನಲ್ಲಿ ಕೂರಿಸಬೇಡಿ. ಡ್ಯೂಟಿ ಡಾಕ್ಟರನ್ನು ಕರೆದು, ನೋವಿಗೆ ಔಷಧಿ ಕೊಟ್ಟು, ಮೊದಲು ಕೀಲನ್ನು ಜಾಗಕ್ಕೆ ತಂದು ಸ್ಲ್ಯಾಬ್ (ಅರ್ಧ ಪ್ಲಾಸ್ಟರ್) ಹಾಕಿಸಿ. ನಾಡಿ ಮತ್ತೆ ನೋಡಿ ಬರೆದಿಡಿ. ಫಿಲ್ಮ್ ಆಮೇಲೆ.